ಆಸ್ಟಿನ್ ಸೆವೆನ್: ನಡು ಮುರಿದ ಕಥೆ

ನಮ್ಮ ಸಟನ್ ರಸ್ತೆಗಳಲ್ಲಿ ಹಳೇ ಆಸ್ಟಿನ್ ಸೆವೆನ್ ಕಂಡರೆ ನನಗೆ ಮೊದಲು ನೆನಪಾಗೋದು ಅದರ ಕ್ರ್ಯಾಂಕ್‌ಶಾಫ್ಟ್. 1922ರಲ್ಲಿ ಹರ್ಬರ್ಟ್ ಆಸ್ಟಿನ್ ಈ ಪುಟ್ಟ ಕಾರನ್ನು ಸಾಮಾನ್ಯ ಜನರಿಗೆಂದೇ ತಂದರು. 747 ಸಿಸಿ ಎಂಜಿನ್ ಬಂದದ್ದು ಮರುವರ್ಷ. ಅಗ್ಗವಾಗಲೆಂದು ಶಾಫ್ಟಿನ ಎರಡು ತುದಿಗೆ ಎರಡೇ ಮುಖ್ಯ ಬೇರಿಂಗ್. ನಡುವೆ ಆಸರೆಯೇ ಇಲ್ಲ. ಜೋರಾಗಿ ಓಡಿಸಿದರೆ ಶಾಫ್ಟ್ ಬಿಲ್ಲಿನಂತೆ ಬಾಗುತ್ತಿತ್ತು. ಲಕ್ಷಾಂತರ ಸಲ ಬಾಗಿ, ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಆಮೇಲೆ ಒಂದು ದಿನ ಎರಡು ತುಂಡು! ಒಂದೇ ಏಟಿಗೆ ಮುರಿಯೋದಲ್ಲ, ದಣಿದು ಮುರಿಯೋದು. 1936ರಲ್ಲಿ ಕಂಪನಿ ನಡುವೆ ಮೂರನೇ ಬೇರಿಂಗ್ ಇಟ್ಟಿತು. ಹಳೇ ಶಾಫ್ಟ್ ಇಟ್ಟುಕೊಂಡವರು ಈಗಲೂ ಎಂಜಿನ್ ಜೋಡಿಸುವ ಮುನ್ನ ಬಿರುಕು ಪರೀಕ್ಷೆ ಮಾಡಿಸ್ತಾರೆ. ಶಿಫ್ಟ್ ಮೇಲೆ ಶಿಫ್ಟ್ ದುಡಿಯೋ ನಮಗೂ ಅದು ಒಳ್ಳೇ ಅಭ್ಯಾಸವೇ: ಸದ್ದು ಬರೋ ಮೊದಲೇ ಬಿರುಕು ನೋಡಿಕೊಳ್ಳಬೇಕು.