ಕಿಂಗ್‌ಸ್ಟನ್ನಿನ ಒಂದು ಗಂಟೆ

ತಾಯಂದಿರಿಗೆ ಮಗು ಸಾಕುವುದನ್ನು ಕಲಿಸಬೇಕೆಂಬ ಉಮೇದು ಹಳೆಯದು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಮಾನಸಿಕ ಆಸ್ಪತ್ರೆಯೊಂದರ ಮುಖ್ಯಸ್ಥರು. ಕರುಗಳಿಗೆ ಹಾಲುಣಿಸುವ ಪ್ರಯೋಗಗಳನ್ನು ಮಾಡುತ್ತಿದ್ದವರು ಮನುಷ್ಯರ ಕೂಸುಗಳತ್ತ ತಿರುಗಿದರು. 1907ರಲ್ಲಿ ಡನೀಡಿನ್ ನಗರದಲ್ಲಿ ಅವರು ಕಟ್ಟಿದ, ಮುಂದೆ ಪ್ಲಂಕೆಟ್ ಸೊಸೈಟಿ ಎಂದು ಹೆಸರಾದ ಸಂಸ್ಥೆಯ ನರ್ಸುಗಳು ಮನೆಮನೆಗೆ ಹೋಗಿ ಪಾಠ ಹೇಳಿದರು. ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಹಾಲಿಲ್ಲ, ಅತ್ತಿತೆಂದು ಎತ್ತಿಕೊಳ್ಳಬಾರದು. ನಮ್ಮ ಅಜ್ಜಿಯರ ಕಿವಿಗೆ ಬಿದ್ದಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ದೇಶದಲ್ಲಿ ಶಿಶುಮರಣ ಇಳಿಯಿತು, ಕೀರ್ತಿ ಕಿಂಗ್ ಅವರಿಗೆ ಬಂತು. ಆ ಇಳಿತ 1907ಕ್ಕೂ ಮೊದಲೇ ಶುರುವಾಗಿತ್ತೆಂದು ಇತಿಹಾಸಕಾರರು ಆಮೇಲೆ ತೋರಿಸಿದರು. ಪಾಠ ಕೇಳಿದ ಮನೆ, ಕೇಳದ ಮನೆ ಎರಡನ್ನೂ ಪಕ್ಕದಲ್ಲಿಟ್ಟು ಅಳೆಯುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ.

ಹಾಗೆ ಅಳೆದ ಪ್ರಯೋಗಗಳಲ್ಲಿ ನನಗೆ ಮುಖ್ಯವೆನಿಸುವುದು ಜಮೈಕಾದ್ದು. 1986-87ರಲ್ಲಿ ಸ್ಯಾಲಿ ಗ್ರ್ಯಾಂಥಮ್-ಮೆಕ್‌ಗ್ರೆಗರ್ ಅವರ ತಂಡ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಕೇರಿಗಳಿಂದ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಆರಿಸಿತು. ಎಲ್ಲರೂ 9ರಿಂದ 24 ತಿಂಗಳ ಕೂಸುಗಳು. ನಾಲ್ಕು ಗುಂಪು ಮಾಡಿದರು. ಒಂದಕ್ಕೆ ವಾರಕ್ಕೊಂದು ಕಿಲೋ ಹಾಲಿನ ಪುಡಿಯ ಆಹಾರ. ಇನ್ನೊಂದಕ್ಕೆ ವಾರಕ್ಕೊಂದು ಗಂಟೆ ಮನೆಭೇಟಿ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಇವೆರಡೂ ಇಲ್ಲ.

ಮನೆಗೆ ಬರುತ್ತಿದ್ದವರು ಡಾಕ್ಟರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಅಲ್ಲಿನ ಆರೋಗ್ಯ ಕೇಂದ್ರದ ಸಹಾಯಕಿಯರು, ಹೆಚ್ಚು ಓದಿದವರಲ್ಲ. ಚೀಲದಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ, ರಟ್ಟಿನಿಂದ ಮಾಡಿದ ಆಟಿಕೆಗಳು. ತಾಯಿಗೆ ಭಾಷಣ ಕೊಡುವ ಬದಲು ನೆಲದ ಮೇಲೆ ಕೂತು ಮಗುವಿನೊಡನೆ ಆಡಿ ತೋರಿಸುತ್ತಿದ್ದರು, ಆಮೇಲೆ ತಾಯಿಯ ಕೈಯಲ್ಲೇ ಆಡಿಸುತ್ತಿದ್ದರು. ಮಗುವನ್ನೂ ತಾಯಿಯನ್ನೂ ಹೊಗಳುವುದು ಕೆಲಸದ ಭಾಗವೇ ಆಗಿತ್ತು. ಹೋಗುವಾಗ ಆಟಿಕೆ ಬಿಟ್ಟು ಹೋಗಿ, ಮುಂದಿನ ವಾರ ಬದಲಿಸುತ್ತಿದ್ದರು. ಹೀಗೆ ಎರಡು ವರ್ಷ. ವಾರಾಂತ್ಯದಲ್ಲಿ ಸ್ಲೈಡು ತೋರಿಸಿ ಮುಗಿಸುವ ನಮ್ಮ ಅಪಾರ್ಟ್‌ಮೆಂಟುಗಳ ಪೇರೆಂಟಿಂಗ್ ವರ್ಕ್‌ಶಾಪುಗಳು ಇದಕ್ಕಿಂತ ಟ್ರೂಬಿ ಕಿಂಗ್ ಅವರ ಪಾಠಕ್ಕೇ ಹತ್ತಿರ.

ಎರಡು ವರ್ಷದ ಕೊನೆಗೆ ಆಹಾರವೂ ಫಲಿಸಿತ್ತು, ಆಟವೂ ಫಲಿಸಿತ್ತು. ಎರಡೂ ಸಿಕ್ಕವರು ಎಲ್ಲರಿಗಿಂತ ಮುಂದಿದ್ದರು. ಹನ್ನೊಂದು-ಹನ್ನೆರಡರ ಹೊತ್ತಿಗೆ ಬುದ್ಧಿಯ ಬೆಳವಣಿಗೆಯ ಮೇಲೆ ಆಹಾರದ ಪರಿಣಾಮ ಅಳಿಸಿಹೋಗಿತ್ತು. ಆಟದ್ದು ಉಳಿದಿತ್ತು. ಅವರಿಗೆ ಇಪ್ಪತ್ತೆರಡು ತುಂಬಿದಾಗ ತಂಡ 105 ಮಂದಿಯನ್ನು ಮತ್ತೆ ಹುಡುಕಿತು. ಮನೆಭೇಟಿ ಸಿಕ್ಕವರ ಸಂಪಾದನೆ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. 2014ರಲ್ಲಿ ಇದು ಸೈನ್ಸ್ ಪತ್ರಿಕೆಯಲ್ಲಿ ಬಂದ ಮೇಲೆ ಅರ್ಥಶಾಸ್ತ್ರಜ್ಞರೂ ಕಿವಿ ನಿಮಿರಿಸಿದರು.

129 ಮಕ್ಕಳೆಂದರೆ ಎರಡು-ಮೂರು ತರಗತಿಯಷ್ಟು. ಅಷ್ಟು ಚಿಕ್ಕ ಪ್ರಯೋಗದ ಮೇಲೆ ಇಷ್ಟು ದೊಡ್ಡ ಭಾರ ಹೊರಿಸಬಾರದು ಎನ್ನುವವರ ಮಾತಿನಲ್ಲೂ ಹುರುಳಿದೆ. ಪೆರು ದೇಶ ಇದೇ ಮಾದರಿಯನ್ನು ಸರ್ಕಾರಿ ಕಾರ್ಯಕ್ರಮವಾಗಿಸಿ ಸಾವಿರಾರು ಮನೆಗಳಿಗೆ ಒಯ್ದಾಗ ಫಲ ಸಿಕ್ಕಿತು, ಆದರೆ ಕಿಂಗ್‌ಸ್ಟನ್ನಿನಷ್ಟಲ್ಲ. ಒಡಿಶಾದ 192 ಹಳ್ಳಿಗಳಲ್ಲಿ ಮನೆಭೇಟಿಯನ್ನೂ ತಾಯಂದಿರ ವಾರದ ಗುಂಪನ್ನೂ ಹೋಲಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು; ಗುಂಪಿನ ಖರ್ಚು ಮಾತ್ರ ಮನೆಭೇಟಿಯ ಮೂರನೇ ಒಂದು ಪಾಲಿಗಿಂತ ಕಡಿಮೆ.

ನಮ್ಮಲ್ಲಿ ಇದಕ್ಕೆ ಜಾಗ ಆಗಲೇ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಶುರುವಾದಾಗ ಅದರಲ್ಲೊಂದು ಮೈಸೂರು ಜಿಲ್ಲೆಯ ತಿ. ನರಸೀಪುರ. ತಾಯಂದಿರಿಗೆ ತಿಳಿವಳಿಕೆ ಕೊಡುವುದು ಅಂಗನವಾಡಿಯ ಕೆಲಸಗಳ ಪಟ್ಟಿಯಲ್ಲಿ ಮೊದಲಿನಿಂದಲೂ ಇದೆ. ಊರಿನವರ ಬಾಯಲ್ಲಿ ಮಾತ್ರ ಅಂಗನವಾಡಿ ಎಂದರೆ ಹಿಟ್ಟು, ಹಾಲು, ಮೊಟ್ಟೆ. ಅಡುಗೆ, ತೂಕ, ರಿಜಿಸ್ಟರು, ಈಗ ಮೊಬೈಲಿನ ಪೋಷಣ್ ಟ್ರ್ಯಾಕರ್ ಎಲ್ಲವನ್ನೂ ಮುಗಿಸಿ, ನೆಲದ ಮೇಲೆ ಕೂತು ಆಡುವ ಆ ಒಂದು ಗಂಟೆಯನ್ನು ಕಾರ್ಯಕರ್ತೆ ಎಲ್ಲಿಂದ ತರಬೇಕು, ಅದಕ್ಕೆ ಎಷ್ಟು ಗೌರವಧನ ಎಂಬ ಚರ್ಚೆಯಂತೂ ಬಾಕಿಯೇ ಇದೆ.