ಬ್ರೇಕಿನ ಧೂಳು

ಕಳೆದ ಭಾನುವಾರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೂತು ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳನ್ನು ನಾನೇ ಬದಲಾಯಿಸಿದೆ. ದೊಡ್ಡ ವಿದ್ಯೆಯೇನಲ್ಲ ಬಿಡಿ. ಚಕ್ರದ ನಟ್ಟು ಸಡಿಲಿಸಿ, ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಬೇಕು. ಕ್ಯಾಲಿಪರಿನ ಬೋಲ್ಟು ತೆಗೆದು ಅದನ್ನು ಮೇಲಕ್ಕೆತ್ತಿದರೆ ಪ್ಯಾಡು ಕೈಗೆ ಬರುತ್ತೆ. ಹಳೇ ಪ್ಯಾಡು ಮೂರು ಮಿಲಿಮೀಟರ್ ಕೂಡ ಉಳಿದಿರಲಿಲ್ಲ. ಒಳಗೆಲ್ಲಾ ಕಪ್ಪು ಧೂಳು. ಅಭ್ಯಾಸಬಲ ನೋಡಿ, ಉಫ್ ಅಂತ ಊದೋಕೆ ಬಗ್ಗಿದವನು ಅಲ್ಲೇ ನಿಂತೆ.

ಆ ಅಭ್ಯಾಸ ಬಂದದ್ದು ನಮ್ಮ ತಾಲ್ಲೂಕಿನ ಒಂದು ಗ್ಯಾರೇಜಿನಿಂದ. ಬೇಸಿಗೆ ರಜೆಯಲ್ಲಿ ಅಲ್ಲಿ ಸ್ಪ್ಯಾನರ್ ಎತ್ತಿಕೊಡ್ತಿದ್ದೆ. ಮೇಸ್ತ್ರಿ ಲಾರಿಯ ಬ್ರೇಕ್ ಡ್ರಮ್ ಬಿಚ್ಚಿ ಬಾಯಿಂದ ಊದುತ್ತಿದ್ದರು. ಅವರ ಮೀಸೆಯೆಲ್ಲ ಬೂದಿಯಾದಾಗ ನಾವು ಹುಡುಗರು ನಗುತ್ತಿದ್ವಿ. ಆ ಧೂಳಿಗೂ ಒಂದು ಇತಿಹಾಸ ಇದೆ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ.

ಕಥೆ ಶುರುವಾಗೋದು ಒಬ್ಬ ಹೆಣ್ಣುಮಗಳಿಂದ. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್‌ಗೆ ಮೊದಲೇ ಹೇಳದೆ, ಅವನು ಕಟ್ಟಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದುಹೋಯಿತು. ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿಕೊಂಡು ಮುಂದೆ ಹೋದಳು. ಕಾರಿಗೆ ಮೊದಲ ಬ್ರೇಕ್ ಲೈನಿಂಗ್ ಬಂದಿದ್ದು ಹೀಗೆ ಅಂತಾರೆ.

ಇಂಗ್ಲೆಂಡಿನ ಡರ್ಬಿಶೈರ್‌ನ ಗುಡ್ಡಗಾಡಿನ ಗಾಡಿಯವರದ್ದೂ ಇದೇ ಉಪಾಯ. ಇಳಿಜಾರಲ್ಲಿ ಮರದ ಬ್ರೇಕಿಗೆ ಹಳೇ ಬೂಟು ಕೊಡುತ್ತಿದ್ದರು. ನಮ್ಮ ತಾತ ಎತ್ತಿನ ಗಾಡಿಯ ಬಿರೇಕಿಗೆ ಹಳೇ ಟೈರಿನ ತುಂಡು ಹೊಡೆದಿದ್ದರಲ್ಲ, ಅದೇ ಲೆಕ್ಕ. ಆ ಬೂಟುಗಳನ್ನು ನೋಡಿದ ಹರ್ಬರ್ಟ್ ಫ್ರೂಡ್ ಎಂಬುವನು 1897ರಲ್ಲಿ ಇದನ್ನೇ ಉದ್ಯಮ ಮಾಡಿದ. ಮೊದಲು ಹತ್ತಿಯ ಗಟ್ಟಿ ನೇಯ್ಗೆಗೆ ಅಂಟು ಕುಡಿಸಿ ಬ್ರೇಕು ಮಾಡಿದ. ಅವನ ಹೆಸರಿನ ಅಕ್ಷರಗಳಿಗೆ ಹೆಂಡತಿ ಎಲಿಜಬೆತ್ ಹೆಸರಿನ ಒಂದಕ್ಷರ ಸೇರಿ ಆದದ್ದೇ ಇವತ್ತಿಗೂ ಅಂಗಡಿಯಲ್ಲಿ ಸಿಗುವ 'ಫೆರೋಡೊ'.

ಕಾರುಗಳ ವೇಗ ಹೆಚ್ಚಿತು. ಬ್ರೇಕು ಅಂದ್ರೆ ಓಟವನ್ನು ಶಾಖ ಮಾಡುವ ಯಂತ್ರ, ಅಷ್ಟೇ. ಆ ಶಾಖಕ್ಕೆ ಹತ್ತಿ ಸುಟ್ಟುಹೋಗುತ್ತಿತ್ತು. ಇತ್ತ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ ಫ್ರೆಡರಿಕ್ ಲ್ಯಾಂಚೆಸ್ಟರ್‌ಗೆ ಬೇರೆಯೇ ತಲೆನೋವು. ಅವನ ತಾಮ್ರದ ಪ್ಯಾಡುಗಳು ಕಿರ್ರೋ ಅಂತ ಕಿರುಚುತ್ತಿದ್ದವು. ಎರಡಕ್ಕೂ ಸಿಕ್ಕ ಮದ್ದು ಆಸ್‌ಬೆಸ್ಟಾಸ್: ಸುಡಲ್ಲ, ದಾರದ ಹಾಗೆ ನೂಲಬಹುದು, ಬೆಲೆ ಕಮ್ಮಿ. 1908ರ ಹೊತ್ತಿಗೆ ಫ್ರೂಡ್ ಅದಕ್ಕೇ ಬದಲಾದ. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಲೆ ಮಾನ್ಸ್ ರೇಸ್ ಗೆದ್ದಿತು. 1955ರಲ್ಲಿ ಸಿಟ್ರೊಯೆನ್ ಡಿಎಸ್‌ನ ಮುಂದಿನ ಚಕ್ರಗಳಿಗೂ ಡಿಸ್ಕ್ ಬಂತು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚು ದುಡಿಯೋದು ಮುಂದಿನ ಚಕ್ರಗಳೇ ತಾನೇ?

ಪ್ಯಾಡಿನ ಕೆಲಸವೇ ಸವೆಯೋದು. ಸವೆದದ್ದು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ. ಕೇಳಬಹುದಿತ್ತು. 1924ರಲ್ಲೇ ರಾಚ್‌ಡೇಲ್‌ನಲ್ಲಿ ಆಸ್‌ಬೆಸ್ಟಾಸ್ ನೂಲುತ್ತಿದ್ದ ನೆಲ್ಲಿ ಕೆರ್ಶಾ ತೀರಿಕೊಂಡಿದ್ದಳು. ವಯಸ್ಸು 33, ಹೆಚ್ಚುಕಮ್ಮಿ ನನ್ನದೇ. ಅವಳ ಶ್ವಾಸಕೋಶದಲ್ಲಿ ಆ ಎಳೆಗಳನ್ನು ಕಂಡ ಡಾಕ್ಟರ್ ವಿಲಿಯಂ ಕುಕ್ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದೂ ಬಿಟ್ಟರು. ಬ್ರಿಟನ್ 1931ರಲ್ಲಿ ಕಾರ್ಖಾನೆಗಳ ಧೂಳಿಗೆ ನಿಯಮ ಮಾಡಿತು. ಪೂರ್ತಿ ನಿಷೇಧ ಬಂದದ್ದು 1999ರಲ್ಲಿ. ನೆಲ್ಲಿ ಸತ್ತು 75 ವರ್ಷ! ಸಾಫ್ಟ್‌ವೇರಿನಲ್ಲಿ ನಾವು 'ಗೊತ್ತಿರುವ ದೋಷ' ಅಂತ ಬರೆದು ರಿಲೀಸ್ ಮಾಡ್ತೀವಲ್ಲ, ಹಾಗೆ.

ಈ ಕಾಯಿಲೆ ಬೇಗ ಕಾಣಿಸಲ್ಲ, ದಶಕಗಳೇ ಹಿಡಿಯುತ್ತೆ. ನಮ್ಮ ಮೇಸ್ತ್ರಿಗೆ ಈಗ ಎಪ್ಪತ್ತು ದಾಟಿದೆ. ಕೆಮ್ಮು ಬಿಟ್ಟಿಲ್ಲ. ಬೀಡಿಯದ್ದೋ ಧೂಳಿನದ್ದೋ, ಯಾರೂ ಪರೀಕ್ಷೆ ಮಾಡಿಸಿಲ್ಲ. ಹೋದ ಸಲ ಊರಿಗೆ ಹೋದಾಗ, ಈಗ ಗ್ಯಾರೇಜು ನೋಡಿಕೊಳ್ಳುವ ಅವರ ಮಗನಿಗೆ ಮಾಸ್ಕುಗಳ ಒಂದು ಡಬ್ಬ ಕೊಟ್ಟು, ಊದಬೇಡ, ಒದ್ದೆ ಬಟ್ಟೇಲಿ ಒರೆಸು ಅಂದೆ. ನಕ್ಕ. ಆದರೂ ತಗೊಂಡ. ಮೇಸ್ತ್ರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋದು ಬಾಕಿ ಇದೆ. ಮುಂದಿನ ತಿಂಗಳು ರಜೆ ಹಾಕಿದ್ದೇನೆ.

ನೀವೂ ಮನೆಯಲ್ಲೇ ಪ್ಯಾಡು ಬದಲಾಯಿಸುವುದಾದರೆ ಡಬ್ಬದ ಮೇಲೆ 'ಆಸ್‌ಬೆಸ್ಟಾಸ್ ರಹಿತ' ಅಂತ ಇದೆಯಾ ನೋಡಿ. ಧೂಳನ್ನು ಊದಬೇಡಿ, ಒದ್ದೆ ಮಾಡಿ ಒರೆಸಿ. ಕೊನೆಗೆ, ಗಾಡಿ ಕದಲಿಸುವ ಮೊದಲು ಪೆಡಲು ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತಿ.