ಮೃದ್ವಸ್ಥಿ ಮೂಳೆಯಾಗುವ ಬಗೆ

ರಾಗಿ ಮುದ್ದೆ ಉಂಡವರ ಮೂಳೆ ಗಟ್ಟಿ ಎಂಬುದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ನಂಬಿಕೆ. ಅದರಲ್ಲಿ ಹುರುಳಿದೆ. ಆದರೆ ರಾಗಿಯಲ್ಲಿರುವ ಕ್ಯಾಲ್ಸಿಯಂ ಹೊಟ್ಟೆ ಸೇರಿದ ಮಾತ್ರಕ್ಕೆ ಮೂಳೆಯಾಗುವುದಿಲ್ಲ.

ಹಂದರ ಮತ್ತು ಖನಿಜ

ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಖನಿಜ. ಉಳಿದದ್ದು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನು ಮತ್ತು ನೀರು. ಕೊಲಾಜೆನ್ನಿನ ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಈ ರಚನೆಯನ್ನು 1954–55ರಲ್ಲಿ ಮದ್ರಾಸಿನಲ್ಲಿ ವಿವರಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ.  ಕೊಲಾಜೆನ್ನಿನ ಈ ಹಂದರದ ಮೇಲೆ ಕೂರುವ ಖನಿಜ ಹೈಡ್ರಾಕ್ಸಿಅಪಟೈಟ್. 10 ಕ್ಯಾಲ್ಸಿಯಂ, 6 ಫಾಸ್ಫೇಟ್, 2 ಹೈಡ್ರಾಕ್ಸಿಲ್ ಸೇರಿ ಅದರ ಮೂಲ ಘಟಕ.

ಮೊದಲ ಹರಳು

ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಪದರವಿರುತ್ತದೆ. ಅಲ್ಲಿನ ಕೋಶಗಳು ಊದಿಕೊಂಡು, ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಚೀಲಗಳನ್ನು ಹೊರಬಿಡುತ್ತವೆ. ಕ್ಯಾಲ್ಸಿಯಂ, ಫಾಸ್ಫೇಟ್ ಅವುಗಳೊಳಗೆ ಕೂಡಿ ಮೊದಲ ಹರಳು ಹುಟ್ಟುತ್ತದೆ. ಚೀಲ ಒಡೆದು ಹರಳು ಸುತ್ತಲ ಹಂದರಕ್ಕೆ ಹಬ್ಬುತ್ತದೆ. ಮುಂದೆ ರಕ್ತನಾಳಗಳು ನುಗ್ಗಿ, ಮೂಳೆ ಕಟ್ಟುವ ಕೋಶಗಳು ಬರುತ್ತವೆ.

ದೇಹದಲ್ಲಿ ಕಂಡಕಂಡಲ್ಲಿ ಖನಿಜ ಹರಳುಗಟ್ಟದಂತೆ ತಡೆಯುವ ವಸ್ತುಗಳಲ್ಲಿ ಪೈರೋಫಾಸ್ಫೇಟ್ ಮುಖ್ಯವಾದದ್ದು. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಅಡ್ಡಿಯೂ ತೊಲಗುತ್ತದೆ, ಬೇಕಾದ ಫಾಸ್ಫೇಟೂ ಸಿಗುತ್ತದೆ.

ರಾಗಿ, ಅಕ್ಕಿ, ಬಿಸಿಲು

ಮೂಳೆಗೆ ಬೇಕಾದ ಕ್ಯಾಲ್ಸಿಯಂ ಊಟದಿಂದ ಬರಬೇಕು. ಕೆ.ಆರ್. ನಗರ ಭತ್ತದ ನಾಡು; ಹುಣಸೂರು ಕಡೆ ಹೊಗೆಸೊಪ್ಪು ಕಿತ್ತ ಹೊಲಕ್ಕೆ ರಾಗಿ ಬೀಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿಸಿ ಮಾಡುವ ಮಗುವಿನ ರಾಗಿ ಸರಿಯಲ್ಲಿ ಈ ಹಿಡಿತ ಸಡಿಲುತ್ತದೆ. ಮೊಳೆಯುವಾಗ ಕಾಳಿನ ಕಿಣ್ವವೇ ಫೈಟೇಟನ್ನು ಒಡೆಯುತ್ತದೆ.

ಕರುಳು ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಲು ವಿಟಮಿನ್ ಡಿ ಬೇಕು. ಅದು ಬಹುಪಾಲು ಬಿಸಿಲು ಬಿದ್ದ ಚರ್ಮದಲ್ಲೇ ತಯಾರಾಗುತ್ತದೆ.

ಕೊರತೆಯಾದಾಗ

ಖನಿಜ ಸಾಲದಿದ್ದರೆ ಮೃದ್ವಸ್ಥಿ ಬೆಳೆಯುತ್ತಲೇ ಇರುತ್ತದೆ, ಗಟ್ಟಿಯಾಗುವುದಿಲ್ಲ. ಮಣಿಕಟ್ಟು ದಪ್ಪಗಾಗುತ್ತದೆ, ನಡೆಯತೊಡಗಿದ ಮಗುವಿನ ಕಾಲು ಬಾಗುತ್ತದೆ. ಇದೇ ರಿಕೆಟ್ಸ್. ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರಿರುವುದು ಅದರ ಸುಳಿವುಗಳಲ್ಲೊಂದು. ಎರಡು ವರ್ಷ ದಾಟಿದ ಮೇಲೂ ಕಾಲಿನ ಬಾಗು ಹೆಚ್ಚುತ್ತಿದ್ದರೆ, ಬೆಳೆದಂತೆ ಸರಿಹೋಗುತ್ತದೆ ಎಂದು ಕಾಯದೆ ವೈದ್ಯರಿಗೆ ತೋರಿಸಿ. ಬೇಗ ಗುರುತಿಸಿದರೆ ಪೋಷಣೆಯ ಕೊರತೆಯಿಂದ ಬಂದ ರಿಕೆಟ್ಸ್ ಸಾಮಾನ್ಯವಾಗಿ ಔಷಧಿಯಿಂದಲೇ ವಾಸಿಯಾಗುತ್ತದೆ.